ಎದೆಯ ಹಣತೆಗೆ ಎಣ್ಣೆ ಹುಯ್ದವರು ಯಾರು?

2025ರ ಮೇ 20ರ ರಾತ್ರಿ ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಹೆಸರು ಕೂಗಿದರು. ಬೆಳಗಾಗುವಷ್ಟರಲ್ಲಿ ಕನ್ನಡ ನಾಡಿನಲ್ಲಿ ಅವರ ಅಭಿಮಾನಿಯಲ್ಲದವನು ಒಬ್ಬನೂ ಉಳಿದಿರಲಿಲ್ಲ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಮಂತ್ರಿಗಳು ಬಂದರು, ಮಠದವರು ಬಂದರು, ಪ್ರೊಫೆಸರುಗಳು ಬಂದರು. ಶಾಲು ಹೊದಿಸಿದ ಆ ಕೈಗಳನ್ನು ನಾವು ನೋಡುತ್ತಾ ನಿಂತೆವು. ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳೋಣ? ನಮ್ಮ ಬಂಡಾಯದ ಹಾದಿಯಲ್ಲೇ ನಡೆದು ಬಂದ ಹೆಣ್ಣುಮಗಳು. ಆದರೆ ಸಂತೋಷದ ಜೊತೆಗೇ ಒಂದು ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಂಡಿತು. ಆ ಕೈಗಳಲ್ಲಿ ಎಷ್ಟು ಕೈ ಆಕೆಯ ಒಂದಾದರೂ ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡಿದ್ದವು?

ಹಳ್ಳಿಯ ಶಾಲೆಯ ಮೇಷ್ಟ್ರೊಬ್ಬರು ನಮ್ಮ ಗೆಳೆಯರು. ಪ್ರಶಸ್ತಿ ಬಂದ ವಾರವೇ ತಾಲ್ಲೂಕು ಕೇಂದ್ರದ ಲೈಬ್ರರಿಗೆ ಹೋಗಿ ಬಾನು ಮುಷ್ತಾಕರ ಕತೆ ಪುಸ್ತಕ ಕೊಡಿ ಅಂತ ಕೇಳಿದರು. ಅಲ್ಲಿದ್ದಾತ ಎರಡು ಬೀರು ತಡಕಿ, 'ಇಲ್ಲ ಸಾರ್, ಆ ಹೆಸರಿನ ಪುಸ್ತಕ ನಮಗೆ ಬಂದೇ ಇಲ್ಲ, ಪೇಪರಲ್ಲಿ ಫೋಟೋ ಬಂದಿದೆ ನೋಡಿ' ಅಂದನಂತೆ. ಫೋಟೋ ಉಂಟು, ಪುಸ್ತಕ ಇಲ್ಲ. ಈ ಲೇಖನಕ್ಕೆ ಕಾರಣ ಈ ಒಂದು ಮಾತು.

ಹಾಗಾದರೆ ಆಕೆ ನಿನ್ನೆ ಮೊನ್ನೆ ಬರೆಯಲು ಕೂತವರೇ? ಹಾಸನದಲ್ಲಿ ಹುಟ್ಟಿ, ಮನೆಯಲ್ಲಿ ದಖನಿ ಉರ್ದು ಆಡಿ, ಹಟ ಮಾಡಿ ಕನ್ನಡದಲ್ಲಿ ಬರೆದವರು. ಲಂಕೇಶ್ ಪತ್ರಿಕೆಗೆ ವರದಿಗಾರ್ತಿಯಾಗಿ ದುಡಿದವರು, ಆಮೇಲೆ ಕರಿಕೋಟು ಹಾಕಿ ಕೋರ್ಟಿನಲ್ಲಿ ಹೆಂಗಸರ ಪರ ನಿಂತವರು. 'ಹೆಜ್ಜೆ ಮೂಡಿದ ಹಾದಿ' ಬಂದದ್ದು 1990ರಲ್ಲಿ, 'ಬೆಂಕಿ ಮಳೆ' 1999ರಲ್ಲಿ, 'ಎದೆಯ ಹಣತೆ' 2004ರಲ್ಲಿ. ಆಮೇಲೆ 'ಸಫೀರಾ', 'ಬಡವರ ಮಗಳು ಹೆಣ್ಣಲ್ಲ', 'ಹೆಣ್ಣು ಹದ್ದಿನ ಸ್ವಯಂವರ'. ಅವರ 'ಕರಿ ನಾಗರಗಳು' ಕತೆಯನ್ನು ಗಿರೀಶ ಕಾಸರವಳ್ಳಿ 'ಹಸೀನಾ' ಅಂತ ಸಿನಿಮಾ ಮಾಡಿದರು, ಅದರಲ್ಲಿ ನಟಿಸಿದ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಸಾಹಿತ್ಯ ಅಕಾಡೆಮಿಯ ಬಹುಮಾನ, ಅತ್ತಿಮಬ್ಬೆ ಪ್ರಶಸ್ತಿ ಎಲ್ಲವನ್ನೂ ನಾಡು ಕೊಟ್ಟಿತ್ತು. ಆದ್ದರಿಂದ ಕನ್ನಡ ಆಕೆಯನ್ನು ಗುರುತಿಸಲೇ ಇಲ್ಲ ಅನ್ನುವ ಅಳುಬುರುಕು ಮಾತು ನಮಗೆ ಬೇಡ. ಗುರುತಿಸಿದರು, ಬಹುಮಾನವನ್ನೂ ಕೊಟ್ಟರು. ಕುಳಿತು ಓದಲಿಲ್ಲ. ಓದಿದ್ದನ್ನು ಬರೆಯಲಿಲ್ಲ. ಬರೆದು ಜಗಳಾಡಲಿಲ್ಲ. ನಮ್ಮ ತಕರಾರು ಇರುವುದು ಇಲ್ಲಿ.

ವಿಮರ್ಶೆಯ ಪುಸ್ತಕಗಳನ್ನು ತೆಗೆದು ನೋಡಿ. ಬಂಡಾಯದ ಅಧ್ಯಾಯದ ಕೊನೆಗೆ ಒಂದು ಸಾಲು ಇರುತ್ತದೆ. ಸಾರಾ ಅಬೂಬಕ್ಕರ್, ಫಕೀರ್ ಮುಹಮ್ಮದ್ ಕಟ್ಪಾಡಿ, ಬೊಳುವಾರು ಮಹಮದ್ ಕುಂಞಿ, ಬಾನು ಮುಷ್ತಾಕ್ ಎಂದು ಒಂದೇ ಉಸಿರಿಗೆ ನಾಲ್ಕು ಹೆಸರು. ಅದರ ಪಕ್ಕಕ್ಕೆ 'ಮುಸ್ಲಿಂ ಸಂವೇದನೆ' ಎಂಬ ಒಂದು ಚೀಟಿ. ಮುಗೀತು. ಚಂದ್ರಗಿರಿ ಹೊಳೆಯ ದಡದ ಹೆಂಗಸಿಗೂ ಹಾಸನದ ಆಟೋ ಡ್ರೈವರನ ಹೆಂಡತಿಗೂ ಏನು ವ್ಯತ್ಯಾಸ, ಇಬ್ಬರೂ ಬುರ್ಖಾದವರು ತಾನೇ ಅನ್ನುವ ಧೋರಣೆ ಇದು. ದಲಿತರ ಬರಹಕ್ಕೆ ಮಾಡಿದ್ದೂ ಇದನ್ನೇ ಅಲ್ಲವೇ? ಕೇರಿಯಿಂದ ಬಂದದ್ದೆಲ್ಲ ಒಂದೇ ಪೆಟ್ಟಿಗೆಗೆ, ಅದರ ಮೇಲೆ 'ಆಕ್ರೋಶ' ಅಂತ ಬರೆದ ಒಂದು ಬೀಗ.

ಈಗ ಆಚೆಯ ಕತೆ ಕೇಳಿ. ಈ ಪುಸ್ತಕವನ್ನು ಇಂಗ್ಲಿಷಿನಲ್ಲಿ ತಂದದ್ದು ಯಾವುದೋ ಕೋಟ್ಯಧೀಶ ಕಂಪನಿಯಲ್ಲ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿರುವ 'ಆ್ಯಂಡ್ ಅದರ್ ಸ್ಟೋರೀಸ್' ಎಂಬ ಸಣ್ಣ ಪ್ರಕಾಶನ. ಶೆಫೀಲ್ಡ್ ಅಂದರೆ ಉಕ್ಕಿಗೆ, ಚಾಕು ಚೂರಿಗೆ ಹೆಸರಾದ ಕೂಲಿಕಾರರ ಊರು. ಸ್ಟೀಫನ್ ಟಾಬ್ಲರ್ ಎಂಬ ಅನುವಾದಕ 2009ರಲ್ಲಿ ಇದನ್ನು ಶುರುಮಾಡಿದ. 2011ರಲ್ಲಿ ಮೊದಲ ಪುಸ್ತಕಗಳು ಬಂದವು. ಲಾಭ ಹಂಚಿಕೊಳ್ಳುವ ವ್ಯಾಪಾರ ಅಲ್ಲ ಇದು. ಓದುಗರು ಪುಸ್ತಕ ಅಚ್ಚಾಗುವ ಮೊದಲೇ ಚಂದಾ ಕಟ್ಟುತ್ತಾರೆ. ಆ ದುಡ್ಡಿನ ಬಲದ ಮೇಲೆ ಪುಸ್ತಕ ಹೊರಗೆ ಬರುತ್ತದೆ. ಪುಸ್ತಕದ ಕೊನೆಯ ಪುಟಗಳಲ್ಲಿ ಆ ಚಂದಾದಾರರ ಹೆಸರುಗಳು ಅಚ್ಚಾಗುತ್ತವೆ. ನಮ್ಮಲ್ಲಿ ಮುನ್ನುಡಿ ಬರೆದವರ ಹೆಸರು, ಬಿಡುಗಡೆ ಮಾಡಿದವರ ಹೆಸರು, ಆಶೀರ್ವಾದ ಮಾಡಿದವರ ಹೆಸರು ಇರುತ್ತದೆಯಲ್ಲ, ಅಲ್ಲಿ ದುಡ್ಡು ಕೊಟ್ಟ ಓದುಗನ ಹೆಸರು ಇರುತ್ತದೆ.

ದೊಡ್ಡ ಪ್ರಕಾಶಕರು ಇದು ಮಾರಾಟವಾಗದು ಎಂದು ಕೈಬಿಟ್ಟಿದ್ದ ಡೆಬೊರಾ ಲೆವಿಯ 'ಸ್ವಿಮ್ಮಿಂಗ್ ಹೋಮ್' ಕಾದಂಬರಿಯನ್ನು ಇವರು 2011ರಲ್ಲಿ ತಂದರು. 2012ರಲ್ಲಿ ಅದು ಬೂಕರಿನ ಕೊನೆಯ ಸುತ್ತಿನ ಪಟ್ಟಿಗೆ ಹೋಯಿತು. ಒಂದಿಡೀ ವರ್ಷ ಹೆಂಗಸರ ಪುಸ್ತಕಗಳನ್ನೇ ಅಚ್ಚು ಮಾಡಿ ತೋರಿಸಿ ಎಂದು ಕಮಿಲಾ ಶಮ್ಸಿ ಎಂಬ ಲೇಖಕಿ ಪ್ರಕಾಶಕರಿಗೆಲ್ಲ ಸವಾಲು ಹಾಕಿದಾಗ ಒಪ್ಪಿದ್ದು ಇದೊಂದೇ ಪ್ರಕಾಶನ. 2018ರಲ್ಲಿ ಹಾಗೇ ಮಾಡಿತು. 2025ರ ಅಂತರರಾಷ್ಟ್ರೀಯ ಬೂಕರಿನ ಕೊನೆಯ ಪಟ್ಟಿಯ ಆರು ಪುಸ್ತಕಗಳೂ ಸ್ವತಂತ್ರ ಪ್ರಕಾಶನಗಳವೇ. 2022ರಲ್ಲಿ ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿಗೆ ಇದೇ ಪ್ರಶಸ್ತಿ ಬಂತಲ್ಲ, ಅದರ ಇಂಗ್ಲಿಷ್ ಅನುವಾದ ತಂದದ್ದೂ 'ಟಿಲ್ಟೆಡ್ ಆ್ಯಕ್ಸಿಸ್' ಎಂಬ ಸಣ್ಣ ಪ್ರಕಾಶನವೇ. ಅಂದರೆ ಭಾರತದ ಭಾಷೆಗಳಿಗೆ ಎರಡು ಸಲ ಬಾಗಿಲು ತೆಗೆದವರು ಸಣ್ಣವರು. ದೊಡ್ಡವರು ಬಾಗಿಲು ತೆರೆದ ಮೇಲೆ ಒಳಗೆ ಬಂದು ಕುರ್ಚಿ ಹಾಕಿಕೊಂಡರು.

ಇದನ್ನು ಓದಿ ಯಾರಾದರೂ 'ನೋಡ್ರಪ್ಪಾ, ಬಿಳಿಯರ ಬುದ್ಧಿ ಅಂದ್ರೆ ಬುದ್ಧಿ' ಅಂತ ಕೈ ಮುಗಿದರೆ ಅವರಿಗೆ ನಮ್ಮ ಇತಿಹಾಸ ಗೊತ್ತಿಲ್ಲ ಎಂದು ಅರ್ಥ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ ಜಿ.ಬಿ. ಜೋಶಿ 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ್ದು ಚಂದಾದಾರರನ್ನು ನಂಬಿಯೇ. 1980ರಲ್ಲಿ ಹೊರಟ ಲಂಕೇಶ್ ಪತ್ರಿಕೆ ಒಂದು ಜಾಹೀರಾತನ್ನೂ ತೆಗೆದುಕೊಳ್ಳದೆ ಓದುಗರ ಚಿಲ್ಲರೆ ಕಾಸಿನ ಮೇಲೆ ನಿಂತಿತು. ಸಾರಾ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದು ಅದರಲ್ಲೇ. 2022ರಲ್ಲಿ ದೇವನೂರ ಮಹಾದೇವರು 'ಆರ್.ಎಸ್.ಎಸ್. ಆಳ ಮತ್ತು ಅಗಲ' ಬರೆದಾಗ ಹಲವು ಸಣ್ಣ ಪ್ರಕಾಶನಗಳು, ಸಂಘಟನೆಗಳು ಒಟ್ಟೊಟ್ಟಿಗೆ ಅದನ್ನು ಅಚ್ಚು ಹಾಕಿದವು. ಕಿರುಪುಸ್ತಿಕೆ, ಕೈಗೆಟುಕುವ ಬೆಲೆ. ಕೆಲವೇ ತಿಂಗಳಲ್ಲಿ ಲಕ್ಷಕ್ಕೂ ಮೀರಿ ಪ್ರತಿಗಳು ಜನರ ಕೈ ಸೇರಿದವು. ಕನ್ನಡದಲ್ಲಿ ಓದುಗರಿಲ್ಲ ಅಂತ ಗೊಣಗುವವರ ಬಾಯಿ ಆ ಪುಸ್ತಿಕೆ ಮುಚ್ಚಿಸಿತು.

ಹಾಗಿದ್ದೂ ನಾವು ಇವತ್ತು ಎಲ್ಲಿ ನಿಂತಿದ್ದೇವೆ? ಕನ್ನಡದ ಸಣ್ಣ ಪ್ರಕಾಶಕ ಓದುಗನ ಮುಖ ನೋಡುವುದನ್ನು ಬಿಟ್ಟು ಸರ್ಕಾರದ ಮುಖ ನೋಡಿಕೊಂಡು ಕೂತಿದ್ದಾನೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಸ್ತಕ ಆಯ್ಕೆಯಾಗಬೇಕು, ಆಮೇಲೆ ಬಿಲ್ಲು ಪಾಸಾಗಬೇಕು, ಆಮೇಲೆ ದುಡ್ಡು ಬರಬೇಕು. ಪುಟಕ್ಕಿಷ್ಟು ಪೈಸೆ ಅಂತ ಲೆಕ್ಕ. ಕತೆ ಚೆನ್ನಾಗಿದೆಯೋ ಇಲ್ಲವೋ, ಪುಟ ಹೆಚ್ಚಾದರೆ ದುಡ್ಡು ಹೆಚ್ಚು! 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಜೊತೆ ಜನ ಗ್ರಂಥಾಲಯ ಸೆಸ್ ಕಟ್ಟುತ್ತಾರೆ. ಪುಸ್ತಕಕ್ಕೆಂದೇ ಕಟ್ಟಿಸಿಕೊಂಡ ಈ ದುಡ್ಡನ್ನು ಸ್ಥಳೀಯ ಸಂಸ್ಥೆಗಳು ಇಲಾಖೆಗೆ ದಾಟಿಸದೆ ವರ್ಷಗಟ್ಟಲೆ ಬಾಕಿ ಉಳಿಸಿಕೊಂಡ ಕತೆ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಇತ್ತ ಪ್ರಕಾಶಕ ಬಡ್ಡಿಗೆ ಸಾಲ ತಂದು ಅಚ್ಚು ಹಾಕಿ, ಮನೆಯ ಮಂಚದ ಕೆಳಗೆ ಪುಸ್ತಕದ ಕಟ್ಟು ಜೋಡಿಸಿ ಗೆದ್ದಲಿಗೆ ಊಟ ಹಾಕುತ್ತಾನೆ. ಹೀಗಾದ ಮೇಲೆ ಅವನಿಗೆ ಯಾವ ಲೇಖಕ ಬೇಕು? ಆಯ್ಕೆ ಸಮಿತಿಗೆ ಪರಿಚಯ ಇರುವ ಲೇಖಕ ಬೇಕು. ಹಟ್ಟಿಯ ಹುಡುಗಿ ಬರೆದ ನೋಟುಬುಕ್ಕು ಅವನಿಗೆ ನಷ್ಟದ ಬಾಬತ್ತು.

ಇನ್ನು ವಿಮರ್ಶಕ ಮಹಾಶಯರ ಮಾತಿಗೆ ಬರೋಣ. ಪ್ರಶಸ್ತಿ ಬಂದ ಮೇಲೆ ಮೂರು ಬಗೆಯ ಗೊಣಗಾಟ ಕಿವಿಗೆ ಬಿತ್ತು.

ಮೊದಲನೆಯದು: 'ಕತೆಗಳು ಸಾಧಾರಣ, ಗೆದ್ದಿದ್ದು ಅನುವಾದ.' ಸರಿ ಸ್ವಾಮಿ, ಅನುವಾದದ ಮಾತೇ ಆಡೋಣ. ಮಡಿಕೇರಿಯ ದೀಪಾ ಭಾಸ್ತಿ ಅವರು 1990ರಿಂದ 2023ರವರೆಗಿನ ಕತೆಗಳನ್ನು ಓದಿ, ಅವುಗಳಲ್ಲಿ 12 ಆರಿಸಿ 'ಹಾರ್ಟ್ ಲ್ಯಾಂಪ್' ಕಟ್ಟಿದರು. ಮೂರು ದಶಕದ ಬರಹವನ್ನು ಒಟ್ಟಿಗೆ ಇಟ್ಟು ತೂಗಿ ನೋಡುವುದು ಯಾರ ಕೆಲಸವಾಗಿತ್ತು? ಸಂಬಳ ತೆಗೆದುಕೊಳ್ಳುವ ಕನ್ನಡ ವಿಭಾಗಗಳ ಕೆಲಸವಾಗಿತ್ತು. ಆ ಕೆಲಸವನ್ನು ಅನುವಾದಕಿ ಮಾಡಿದರು. ಅಷ್ಟೇ ಅಲ್ಲ, ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಇಂಗ್ಲಿಷಿನೊಳಗೆ ಹಾಗೆ ಹಾಗೇ ಬಿಟ್ಟರು. ಓರೆ ಅಕ್ಷರದಲ್ಲಿ ಹಾಕಿ ಬೇರೆ ಕೂರಿಸಲಿಲ್ಲ, ಅಡಿಟಿಪ್ಪಣಿ ಕೊಟ್ಟು ಕೈ ಕಟ್ಟಿ ನಿಲ್ಲಿಸಲಿಲ್ಲ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದನ್ನು ಕಂಡವರು ನಾವು. ಪುಟದ ಮೇಲೆ ಬೇರೆ ಲೋಟ ಇಡುವುದಿಲ್ಲ ಎಂದ ಹೆಣ್ಣುಮಗಳ ಬೆಲೆ ನಮಗೆ ಗೊತ್ತು. ಬಹುಮಾನದ 50,000 ಪೌಂಡನ್ನು ಲೇಖಕಿಗೂ ಅನುವಾದಕಿಗೂ ಸಮ ಹಂಚಿದರು. ಅದು ನ್ಯಾಯ. ಆದರೆ ಅನುವಾದಕಿಯನ್ನು ಹೊಗಳುವ ನೆಪದಲ್ಲಿ ಲೇಖಕಿಯನ್ನು ಕೆಳಗಿಳಿಸುವ ಜಾಣತನ ನಮಗೆ ಅರ್ಥವಾಗುತ್ತದೆ. ಇಲ್ಲದ ಎಣ್ಣೆಯನ್ನು ಯಾವ ಬತ್ತಿಯೂ ಉರಿಸಲಾರದು.

ಎರಡನೆಯದು: 'ಇದು ವರದಿ, ಕಲೆ ಅಲ್ಲ.' ಬಂಡಾಯಕ್ಕೆ ಹಚ್ಚಿದ ಹಳೇ ಮಸಿ ಇದು, ಇನ್ನೂ ಕುಡಿಕೆಯಲ್ಲಿ ಒಣಗಿಲ್ಲ. ನಾವು ಕತೆಗಳನ್ನೇ ಮುಂದಿಡುತ್ತೇವೆ. ಕಫನ್ನಿನ ಕತೆಯಲ್ಲಿ ಬಡ ಮುದುಕಿಯೊಬ್ಬಳು ಹಜ್ಜಿಗೆ ಹೊರಟ ಸಾಹುಕಾರ ಹೆಂಗಸಿನ ಕೈಗೆ ಕೂಡಿಟ್ಟ ಕಾಸು ಕೊಟ್ಟು, ತನ್ನ ಹೆಣಕ್ಕೆ ಹೊದಿಸಲು ಝಮ್‌ಝಮ್ ನೀರಿನಲ್ಲಿ ಅದ್ದಿದ ಕಫನ್ ತಂದುಕೊಡು ಅನ್ನುತ್ತಾಳೆ. ಈಕೆ ಅಲ್ಲಿ ಪೇಟೆ ತಿರುಗುವ ಗಲಾಟೆಯಲ್ಲಿ ಮರೆತುಬಿಡುತ್ತಾಳೆ. ಮುದುಕಿ ಸಾಯುತ್ತಾಳೆ. ಇಬ್ಬರೂ ಒಂದೇ ಧರ್ಮದವರು, ಇಬ್ಬರೂ ಹೆಂಗಸರು. ನಡುವೆ ಇರುವುದು ದುಡ್ಡಿನ ಗೋಡೆ. ಒಂದು ಬಿಳಿ ಬಟ್ಟೆಯ ತುಂಡಿನಲ್ಲಿ ವರ್ಗಭೇದ ಹೇಳುವುದು ವರದಿಯೇ? 'ಕರಿ ನಾಗರಗಳು' ಕತೆಯ ತಾಯಿ ಹೆಣ್ಣು ಹೆತ್ತ ತಪ್ಪಿಗೆ ಗಂಡ ಕೈಬಿಟ್ಟವಳು, ನ್ಯಾಯ ಕೇಳಿ ಮುತವಲ್ಲಿಯ ಎದುರಿಗೆ ಮಸೀದಿಯಲ್ಲೇ ಮಗುವಿನೊಂದಿಗೆ ಕೂತವಳು. 'ಎದೆಯ ಹಣತೆ'ಯಲ್ಲಿ ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ಬದುಕಿಗೆ ಎಳೆದುಕೊಳ್ಳುವುದು ಅವಳ ಮಗಳು. 'ಒಮ್ಮೆ ಹೆಣ್ಣಾಗು ಪ್ರಭುವೇ' ಎಂದು ದೇವರನ್ನೇ ಕಟಕಟೆಗೆ ಎಳೆದವರಿಗೆ ಕಲೆಯ ಪಾಠ ಹೇಳುವ ಮೊದಲು ನಿಮ್ಮ ತಕ್ಕಡಿಯ ಕಲ್ಲು ಸರಿ ಇದೆಯಾ ನೋಡಿಕೊಳ್ಳಿ.

ಮೂರನೆಯದು: 'ಮುಸ್ಲಿಂ ಹೆಂಗಸು ಅಂತ ಕೊಟ್ಟರು.' ಇದಕ್ಕೆ ಉತ್ತರ ಕೊಡುವುದೇ ನಾಚಿಕೆ, ಆದರೂ ಕೊಡೋಣ. ಮಸೀದಿಯಲ್ಲಿ ಹೆಂಗಸರಿಗೂ ನಮಾಜಿನ ಹಕ್ಕು ಬೇಕು ಅಂದಿದ್ದಕ್ಕೆ 2000ನೇ ಇಸವಿಯಲ್ಲಿ ಆಕೆಯ ಕುಟುಂಬಕ್ಕೆ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ ಹಾಕಿದರು. ಒಬ್ಬ ಚೂರಿ ಹಿಡಿದು ಬಂದ. ಆ ಹೊತ್ತಿನಲ್ಲಿ ಮುಸ್ಲಿಂ ಹೆಂಗಸಾಗಿರುವುದಕ್ಕೆ ಯಾರು ಯಾವ ಬಹುಮಾನ ಕೊಟ್ಟರು? ಬಹಿಷ್ಕಾರ ಅಂದರೆ ಏನು ಅಂತ ಹೊಲಗೇರಿಯವರನ್ನು ಕೇಳಿ, ಹೇಳುತ್ತಾರೆ.

ಈ ಕತೆಯ ಇನ್ನೊಂದು ತುದಿ ನಮ್ಮ ಸಮ್ಮೇಳನಗಳಲ್ಲಿ ಇದೆ. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡದಲ್ಲಿ ಇರುವುದು ಬಹುಪಾಲು ಬೂಸಾ ಅಂದಿದ್ದಕ್ಕೆ ಕುರ್ಚಿಯಿಂದ ಇಳಿಸಿದರು. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೇಳಿದರೆ ಇಲ್ಲ ಅಂದರು. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಸಮ್ಮೇಳನ ಮಾಡಿತು. ನಲವತ್ತನಾಲ್ಕು ವರ್ಷ ಕಳೆದು, 2023ರ ಜನವರಿಯಲ್ಲಿ ಹಾವೇರಿ ಸಮ್ಮೇಳನದಲ್ಲಿ ಮುಸ್ಲಿಂ ಬರಹಗಾರರನ್ನು ಬದಿಗಿಟ್ಟದ್ದನ್ನು ಪ್ರತಿಭಟಿಸಿ ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಯಿತು. ಅಲ್ಲಿ ಬಾನು ಮುಷ್ತಾಕ್ ಮಾತಾಡಿದರು. ಕನ್ನಡವನ್ನು ಅರಿಸಿನ ಕುಂಕುಮದ ಭುವನೇಶ್ವರಿ ಮಾಡಿ ಕೂರಿಸಿದರೆ ನನ್ನಂಥವಳು ಎಲ್ಲಿ ನಿಲ್ಲಲಿ ಎಂಬ ಅರ್ಥದ ಮಾತು ಅದು. ಕನ್ನಡ ನನಗೂ ಬೇಕು ಎಂದು ಕೇಳುವವರ ಪ್ರಶ್ನೆ.

ಆವತ್ತು ಆ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. 2025ರಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಆಕೆಯನ್ನು ಕರೆದಾಗ ಆ ಭಾಷಣದ ತುಂಡನ್ನು ಹುಡುಕಿ ತೆಗೆದು ಊರೆಲ್ಲ ಹರಡಿದರು. 2017ರಲ್ಲಿ ನಿಸಾರ್ ಅಹಮದ್ ಅವರು ಇದೇ ದಸರಾ ಉದ್ಘಾಟಿಸಿದ್ದನ್ನು ಮರೆತು ಕೋರ್ಟಿಗೆ ಹೋದರು. ಹೈಕೋರ್ಟ್ ಸೆಪ್ಟೆಂಬರ್ 15ರಂದು ಅರ್ಜಿ ವಜಾ ಮಾಡಿತು, ಸುಪ್ರೀಂ ಕೋರ್ಟ್ 19ರಂದು ಆಗಲ್ಲ ಅಂದಿತು. 22ರಂದು ಆಕೆ ಬೆಟ್ಟಕ್ಕೆ ಹೋಗಿ ದೀಪ ಹಚ್ಚಿ ಬಂದರು. ಮೇ ತಿಂಗಳಲ್ಲಿ 'ಕನ್ನಡದ ಹೆಮ್ಮೆ' ಅಂದ ನಾಲಿಗೆಗಳೇ ಸೆಪ್ಟೆಂಬರಿನಲ್ಲಿ 'ಇವಳು ಯಾರು' ಅಂದವು. ಆಶ್ಚರ್ಯ ಏನಿದೆ? ಅವರು ಮೇ ತಿಂಗಳಲ್ಲಿ ಹಾರ ಹಾಕಿದ್ದು ಲಂಡನ್ನಿಗೆ. ಕತೆಗಳನ್ನು ಓದಿದವರಾಗಿದ್ದರೆ ಆಕೆ ಯಾರು ಅಂತ ಕೇಳುವ ಅಗತ್ಯ ಬೀಳುತ್ತಿರಲಿಲ್ಲ. ಓದುಗರ ಆಸರೆ ಇಲ್ಲದ ಲೇಖಕಿಯನ್ನು ಯಾರು ಬೇಕಾದರೂ ಮೂರು ನಿಮಿಷದ ತುಂಡು ಭಾಷಣಕ್ಕೆ ಇಳಿಸಬಹುದು. ಅದಕ್ಕೇ ಈ ಪುಸ್ತಕದ ವ್ಯವಹಾರ ಬರೀ ಅಚ್ಚುಮನೆಯ ವ್ಯವಹಾರ ಅಲ್ಲ ಅಂತ ನಾವು ಹೇಳುವುದು.

ಹಾಗಂತ ಬೇರೆಯವರ ಮೇಲೆ ಕಲ್ಲು ಎಸೆದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ವೇದಿಕೆಗಳಲ್ಲಿ ಮುಸ್ಲಿಂ ಲೇಖಕಿಗೆ, ದಲಿತ ಲೇಖಕಿಗೆ ನಾವು ಕೊಟ್ಟಿದ್ದು ಯಾವ ಜಾಗ? ಕಡೇ ಗೋಷ್ಠಿ, ಜನ ಊಟಕ್ಕೆ ಎದ್ದ ಮೇಲಿನ ಹತ್ತು ನಿಮಿಷ. ನಮ್ಮ ಪತ್ರಿಕೆಗಳಲ್ಲಿ ಅವರ ಪುಸ್ತಕಕ್ಕೆ 'ಸ್ವಾಗತಾರ್ಹ ಪ್ರಯತ್ನ' ಅಂತ ಆರು ಸಾಲು ಬರೆದು ಬೆನ್ನು ತಟ್ಟಿದ್ದು ನಾವೇ. ಓದದೇ ಹೊಗಳುವುದೂ ಒಂದು ಬಗೆಯ ಅಸ್ಪೃಶ್ಯತೆ. ಜಗಳಾಡುವಷ್ಟು ಹತ್ತಿರ ಹೋಗದಿರುವುದು ಮುಟ್ಟದಿರುವುದೇ ತಾನೇ? ಗೌರವ ಪ್ರತಿ ಕೊಡಿ ಅಂತ ಪ್ರಕಾಶಕನ ಮುಂದೆ ಕೈ ಚಾಚಿದವರಲ್ಲಿ ನಾವೂ ಇದ್ದೇವೆ. ಮೆರವಣಿಗೆಗೆ ಬಸ್ ಚಾರ್ಜು ಹೊಂದಿಸಿದ ನಮಗೆ ಪುಸ್ತಕಕ್ಕೆ ನೂರೈವತ್ತು ರೂಪಾಯಿ ಹೊಂದಲಿಲ್ಲವೇ?

ಶೆಫೀಲ್ಡನ್ನು ತೀರ್ಥಕ್ಷೇತ್ರ ಮಾಡಿಕೊಳ್ಳುವುದೂ ಬೇಡ. ಇಂಗ್ಲಿಷಿಗೆ ಹೋಗಿ ಲಂಡನ್ನಿನಲ್ಲಿ ಠಸ್ಸೆ ಒತ್ತಿಸಿಕೊಂಡು ಬಂದರೆ ಮಾತ್ರ ಕನ್ನಡದ ಕತೆ ಕತೆ ಅನ್ನುವುದಾದರೆ ಅದು ಹೊಸ ಪುರೋಹಿತಶಾಹಿ. ಅನುವಾದಕ್ಕೆ 'ಇಂಗ್ಲಿಷ್ ಪೆನ್' ಎಂಬ ಬರಹಗಾರರ ಸಂಘ ನೆರವು ಕೊಟ್ಟಿತ್ತು. ಅಂಥ ಆಸರೆ ಇಲ್ಲಿನ ಸಣ್ಣ ಪ್ರಕಾಶಕನಿಗೆ ಇಲ್ಲ ಎಂಬುದೂ ನೆನಪಿರಲಿ. ಅಲ್ಲಿಂದ ಕಲಿಯಬೇಕಾದ್ದು ಒಂದೇ: ಮುಂಗಡ ದುಡ್ಡು ಕಟ್ಟಿ ಲೇಖಕಿಯ ಬೆನ್ನಿಗೆ ನಿಲ್ಲುವ ಓದುಗರ ಒಂದು ಪಡೆ. ಆ ಪಡೆಯನ್ನು ಧಾರವಾಡದಲ್ಲಿ ಕಟ್ಟಿದ್ದೆವು, ಮರೆತೆವು. ಮತ್ತೆ ಕಟ್ಟಬೇಕು.

ಆದ್ದರಿಂದ ಗೆಳೆಯರೇ, ಭಾಷಣ ಸಾಕು, ಕೆಲಸ ಹೇಳುತ್ತೇವೆ.

ಪ್ರತಿ ತಾಲ್ಲೂಕಿನಲ್ಲಿ ಇಪ್ಪತ್ತು ಜನ ಸೇರಿ. ಮೇಷ್ಟ್ರು, ಅಂಗನವಾಡಿ ಅಕ್ಕಂದಿರು, ಹಾಸ್ಟೆಲಿನ ಹುಡುಗ ಹುಡುಗಿಯರು. ತಿಂಗಳಿಗೆ ಕೈಲಾದಷ್ಟು ಹಾಕಿ, ನಿಮಗೆ ನಂಬಿಕೆಯಿರುವ ಒಂದು ಸಣ್ಣ ಪ್ರಕಾಶನಕ್ಕೆ ವರ್ಷದ ಚಂದಾ ಮುಂಗಡ ಕಟ್ಟಿ. ಇಪ್ಪತ್ತು ತಾಲ್ಲೂಕು ಸೇರಿದರೆ ನಾನೂರು ಪ್ರತಿ. ಅಷ್ಟು ಪ್ರತಿಗೆ ಮೊದಲೇ ದುಡ್ಡು ಬಂದರೆ ಯಾವ ಪ್ರಕಾಶಕನೂ ಆಯ್ಕೆ ಸಮಿತಿಯ ಬಾಗಿಲು ಕಾಯಬೇಕಾಗಿಲ್ಲ. ಪ್ರಕಾಶಕರೇ, ಆ ಚಂದಾದಾರರ ಹೆಸರನ್ನು ಪುಸ್ತಕದ ಕೊನೆಗೆ ಹಾಕಿ. ಮಾದಿಗರ ಕೇರಿಯ ಹುಡುಗಿಯ ಹೆಸರು ಒಂದು ಪುಸ್ತಕದಲ್ಲಿ ಅಚ್ಚಾಗಲಿ. ಅವಳು ಆ ಪುಟವನ್ನು ಅವ್ವನಿಗೆ ತೋರಿಸಲಿ.

ಓದಿದ ಮೇಲೆ ಬರೆಯಿರಿ. ಪ್ರೊಫೆಸರರ ಅಪ್ಪಣೆಗೆ ಕಾಯಬೇಡಿ. ಒಂದೇ ಕತೆ, ಎರಡೇ ಪುಟ. ಹಿಡಿಸದಿದ್ದರೆ ಹಿಡಿಸಲಿಲ್ಲ ಅಂತ, ಯಾಕೆ ಅಂತ ಬರೆಯಿರಿ. ನಾವು ಅಚ್ಚು ಹಾಕುತ್ತೇವೆ. ಲೈಬ್ರರಿಗೆ ಹೋಗಿ ಪುಸ್ತಕ ಕೇಳಿ, ಇಲ್ಲ ಅಂದರೆ ಬೇಡಿಕೆ ಬರೆದುಕೊಟ್ಟು ಸಹಿ ಹಾಕಿ ಬನ್ನಿ. ಮುಂದಿನ ವಾರ ಮತ್ತೊಬ್ಬರು ಹೋಗಿ ಅದನ್ನೇ ಕೇಳಿ. ನೀವು ಕಟ್ಟಿದ ಸೆಸ್ಸು ಅದು, ಭಿಕ್ಷೆ ಅಲ್ಲ.

ಈ ಹೊತ್ತಿಗೆ ಯಾವುದೋ ಊರಿನ ಸೀಟಿನ ಮನೆಯಲ್ಲಿ, ಬೀಡಿ ಕಟ್ಟಿ ಮುಗಿಸಿದ ಒಬ್ಬ ಹೆಣ್ಣುಮಗಳು ಮಗಳ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಏನೋ ಬರೆಯುತ್ತಿದ್ದಾಳೆ. ಅದು ಕತೆಯೋ ಅಲ್ಲವೋ ಎಂದು ತಿಳಿಯಲು ಅವಳು ಎಪ್ಪತ್ತೇಳು ವರ್ಷದವರೆಗೆ, ಲಂಡನ್ನಿನಲ್ಲಿ ಹೆಸರು ಕೂಗುವವರೆಗೆ ಕಾಯಬೇಕೇ? ಅವಳ ಮೊದಲ ಓದುಗ ಯಾರು? ಈ ಪುಟ ಮಡಚುವ ಮೊದಲು ಇದಕ್ಕೆ ಉತ್ತರ ಹೇಳಿ.